ಆಫ್ತಾಬನ ತಾಟು

ಹೈದರಾಬಾದ
೧೮ ಫೆಬ್ರುವರಿ ೨೦೨೫

ನನ್ನ ಅಮ್ಮಾಜಾನ್‌ಗೆ ಕೌಸರಳ ಸಲಾಂ.

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಸೀಸೆಯನ್ನು ಗೋಡೆಯ ಮಾಡದಲ್ಲಿಟ್ಟು ನೋಡುತ್ತ ಕೂತಿದ್ದೀಯೋ? ಅಬ್ಬಾ ಮಗ್ಗದಿಂದ ಎದ್ದು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ ತಾನೆ? ನಾನು ಆರಾಮಾಗಿದ್ದೇನೆ. ನಿನ್ನ ರೊಟ್ಟಿಯ ನೆನಪಾದಾಗ ಮಾತ್ರ ಅಳು ಬರುತ್ತದೆ.

ಫೋನಿನಲ್ಲಿ ನೀನು ಮಾತು ಮರೆಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ರೋಣದ ರಕ್ತದಾನ ಶಿಬಿರದಲ್ಲಿ ತಮ್ಮ ಆಫ್ತಾಬನಿಗೆ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾದಾಗ ನಿನ್ನ ಜೀವವೇ ಹೋದಂತಾಗಿತ್ತು. ಧೈರ್ಯ ಹೇಳಲು ನಾನು ನಮ್ಮ ಲ್ಯಾಬಿನ ಸುದ್ದಿ ತೆಗೆದೆ: ಲಿವರಿನ ಜೀವಕೋಶಗಳಲ್ಲಿ ಅಡಗಿ ಕೂತ ಈ ವೈರಸ್ಸನ್ನು ಹುಡುಕಿ ಕತ್ತರಿಸಿ ಬೇರೆ ಮಾಡುವ ಕಿಣ್ವವೊಂದನ್ನು ರೂಪಿಸುತ್ತಿದ್ದೇವೆ, ಅದು ಸೋಂಕಿದ್ದ ಕಡೆ ಮಾತ್ರ ಕೈ ಹಾಕುತ್ತದೆ ಎಂದೆ. ನೀನು ಅದರಿಂದ ತಿಳಿದುಕೊಂಡದ್ದೇನು! “ಬ್ಯಾನಿ ಇದ್ದದ್ದನ್ನ ಬ್ಯಾರೆ ಮಾಡಬೇಕಂತ ನೀನ ಹೇಳೀದಿ” ಎಂದು, ಎಲ್ಲರೂ ಒಂದೇ ದೊಡ್ಡ ತಾಟಿನ ಸುತ್ತ ಕೂತು ಉಣ್ಣುವ ನಮ್ಮ ಮನೆಯಲ್ಲಿ ಅವನಿಗೊಂದು ಸಣ್ಣ ತಾಟು ಕೊಟ್ಟು ಪಡಸಾಲೆಗೆ ಕಳಿಸಿಬಿಟ್ಟೆ ನೀನು. ಸಿಟ್ಟು ಬಂತಮ್ಮಾ, ನಗುವೂ ಬಂತು.

ಅಬ್ಬಾ ನೇಯುವಾಗ ತಪ್ಪಿ ಬಿದ್ದ ಎಳೆಯನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ, ಸೀರೆಯನ್ನು ಹೊರಗೆ ಎಸೆಯುವುದಿಲ್ಲ. ನಮ್ಮ ಕಿಣ್ವವೂ ಅಷ್ಟೇ: ವೈರಸ್ಸು ಹೋಗಬೇಕು, ಜೀವಕೋಶ ಬದುಕಬೇಕು. ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಅದು ಗೆದ್ದಿದೆ. ಮನುಷ್ಯರಿಗೆ ಕೊಡಲು ಇನ್ನೂ ವರ್ಷಗಳು ಬೇಕು, ಆದರೆ ಆಗಿಯೇ ಆಗುತ್ತದೆ, ನನ್ನ ಮಾತು ನಂಬು. ಅಲ್ಲಿಯವರೆಗೆ ಅವನು ಡಾಕ್ಟರು ಹೇಳಿದ ತಪಾಸಣೆ, ಗುಳಿಗೆ ತಪ್ಪಿಸಬಾರದು. ನೀವಿಬ್ಬರೂ ಲಸಿಕೆ ಹಾಕಿಸಿಕೊಳ್ಳಿರಿ. ನನ್ನದು ಯಾವಾಗಲೋ ಆಗಿದೆ. ಬೇರೆ ಇಡಬೇಕಾದದ್ದು ಅವನ ದಾಡಿಯ ಬ್ಲೇಡು, ಹಲ್ಲುಜ್ಜುವ ಬ್ರಶ್ಶು. ಕೂಡಿ ಉಂಡರೆ ಈ ಬೇನೆ ಹತ್ತುವುದಿಲ್ಲ.

ಅಬ್ಬಾಗೆ ಸಲಾಂ, ನಿನ್ನ ಮೊಣಕಾಲಿಗೆ ನನ್ನ ದುವಾ.

ನಿನ್ನ ಮಗಳು
ಕೌಸರ

ತಾ.ಕ.: ಈಗಷ್ಟೇ ಆಫ್ತಾಬ ಫೋನ್ ಮಾಡಿದ್ದ. “ಅಕ್ಕಾ, ರಮಜಾನ್ ಬರೂದ್ರಾಗ ಬ್ಯಾರೆ ಖೋಲಿ ಹಿಡೀತೇನಿ. ನನ್ನ ನೋಡಿದ್ರ ಅಮ್ಮಾಗ ಅಂಜಿಕಿ ಆಗ್ತೈತಿ” ಅಂದ. ಖೋಲಿ ಗೀಲಿ ಏನೂ ಬೇಡ, ಮೊದಲ ರೋಜಾದ ದಿನ ನಾನು ಊರಿಗೆ ಬರುತ್ತೇನೆ, ಹೊಳೆಆಲೂರ ಸ್ಟೇಷನ್ನಿಗೆ ಬೈಕ್ ತೆಗೆದುಕೊಂಡು ಬಾ ಎಂದಿದ್ದೇನೆ. ಇಫ್ತಾರಿಗೆ ನೀನು ದೊಡ್ಡ ತಾಟು ಇಟ್ಟರೆ ನಾಲ್ವರೂ ಕೂಡಿ ಉಣ್ಣೋಣ. ಸಣ್ಣದನ್ನೂ ಇಟ್ಟರೆ, ಅಮ್ಮಾ, ಪಡಸಾಲೆಯಲ್ಲಿ ಅದೊಂದರಲ್ಲೇ ನಾನೂ ಅವನೂ ಕೂಡಿ ಉಣ್ಣುತ್ತೇವೆ.