ಗುಡ್ಡದ ಕಡೆಗೆ ತಿರುಗಿಸಿದವನು ನಾನು

ವಿಮಾನ ಸುರಕ್ಷತಾ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನೂರ ನಲವತ್ತೆರಡು ಜನರ ಜೀವ ಉಳಿಸಿದ ಹೆಣ್ಣುಮಗಳನ್ನು ನೀವು ಅಮಾನತು ಮಾಡಿದ್ದೀರಿ. ಆ ಜೀವಗಳನ್ನು ಅಪಾಯಕ್ಕೆ ಒಡ್ಡಿದ ನನಗೆ ಎರಡು ದಿನ ತರಬೇತಿ ಕೊಟ್ಟು, ಮಧ್ಯಾಹ್ನದ ಊಟ ಹಾಕಿ, ಪ್ರಮಾಣಪತ್ರ ಕೈಗಿತ್ತು ಕಳಿಸಿದ್ದೀರಿ. ನಿಮ್ಮ ನ್ಯಾಯಕ್ಕೆ ಏನೆನ್ನಲಿ?

ನಿಮ್ಮ ಅರವತ್ತು ಪುಟಗಳ ವರದಿಯನ್ನು ಎರಡು ಸಲ ಓದಿದೆ. ‘ಮಾರ್ಗ ಮಾಹಿತಿಯಲ್ಲಿ ವ್ಯತ್ಯಾಸ ಉಂಟಾಗಿತ್ತು’ ಎಂದಿದೆ. ತಾನಾಗಿಯೇ ಉಂಟಾಗಲು ಅದೇನು ನೆಗಡಿಯೇ? ಮಾಡಿದವನು ನಾನು. ಹೊರಡುವ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು; ರನ್‌ವೇಯ ಇನ್ನೊಂದು ತುದಿಯಿಂದ ಏರಬೇಕಾಯಿತು. ಅಂದರೆ ಏರಿದ ಮೇಲೆ ಬಲಕ್ಕಲ್ಲ, ಎಡಕ್ಕೆ ತಿರುಗಬೇಕು. ಕಂಪ್ಯೂಟರಿನಲ್ಲಿ ಮಾತ್ರ ಹಳೆಯ ದಾರಿಯೇ ಉಳಿದಿತ್ತು. ನಕ್ಷೆ ನೋಡಿ ಒಬ್ಬರು ಓದಬೇಕು, ಪರದೆ ನೋಡಿ ಇನ್ನೊಬ್ಬರು ತಾಳೆ ಹಾಕಬೇಕು, ಅದು ನಿಯಮ. ನನ್ನ ಸಹಪೈಲಟ್ ಕೇಳಿದಳು, “ಸರ್, ದಾರಿ ಇನ್ನೊಂದ್ಸಲ ಓದೋಣ್ವಾ?” “ಇಪ್ಪತ್ತೆರಡು ವರ್ಷದಿಂದ ಓದ್ತಾನೇ ಇದೀನಿ ಕಣಮ್ಮಾ, ನಡಿ,” ಎಂದೆ. ಹೊತ್ತು ಮೀರುತ್ತಿತ್ತು. ಅಹಂಕಾರಕ್ಕೆ ಅದಕ್ಕಿಂತ ಒಳ್ಳೆಯ ನೆಪ ಬೇಕೇ?

ಏರಿದ ಮೇಲೆ, ಮೋಡದೊಳಗೆ ವಿಮಾನ ಹಳೆಯ ದಾರಿ ಹಿಡಿದು ಬಲಕ್ಕೆ ಹೊರಳಿತು. ಬಲಕ್ಕೆ ಗುಡ್ಡವಿತ್ತು. ಕೆಳಗೆ ನಿಯಂತ್ರಣ ಕೊಠಡಿಯಲ್ಲಿದ್ದ ಅಧಿಕಾರಿ, ನೀವು ಈಗ ಅಮಾನತು ಮಾಡಿರುವ ಹೆಣ್ಣುಮಗಳು, ನೀವು ಅನುಮೋದಿಸಿದ ಪುಸ್ತಕದ ಎಚ್ಚರಿಕೆಯ ವಾಕ್ಯವನ್ನೇ ರೇಡಿಯೋದಲ್ಲಿ ಎರಡು ಸಲ ಹೇಳಿದರು. “ನೋಡ್ತಿದೀವಿ” ಎಂದು ಉತ್ತರಿಸಿ, ಪರದೆ ದಿಟ್ಟಿಸುತ್ತ ಕೂತೆ. ಮೂರನೆಯ ಸಲ ಆಕೆ ಪುಸ್ತಕ ಬಿಟ್ಟು ಕೂಗಿದರು: “ಅಣ್ಣಾ, ಮುಂದೆ ಗುಡ್ಡ ಇದೆ! ಎಡಕ್ಕೆ ತಿರುಗ್ಸಿ, ಎಡಕ್ಕೆ!” ನನ್ನ ಸ್ವಂತ ತಂಗಿಯೇ ಕಿರುಚಿದ ಹಾಗಾಯಿತು. ನಾನು ಯೋಚಿಸುವ ಮೊದಲೇ ನನ್ನ ಕೈ ವಿಮಾನವನ್ನು ತಿರುಗಿಸಿತ್ತು.

ಇದನ್ನು ನಿಮ್ಮ ವರದಿ ‘ಅನುಮೋದಿತವಲ್ಲದ ಪದಬಳಕೆ ಹಾಗೂ ಬಂಧುವಾಚಕ ಸಂಬೋಧನೆ’ ಎಂದು ಕರೆದು ನಾಲ್ಕು ಪುಟ ಬರೆದಿದೆ. ನನ್ನ ತಪ್ಪಿಗೆ ಸಿಕ್ಕಿದ್ದು ಒಂದೂವರೆ ಸಾಲು. ನಿಯಮಬದ್ಧವಾಗಿ ಗುಡ್ಡಕ್ಕೆ ಡಿಕ್ಕಿ ಹೊಡೆದಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೆ. ಮೊಹರು ಒತ್ತಿ, ಸಹಿ ಮಾಡಿ ಎಳೆಯುವುದನ್ನು ಈಗ ಕಂಡೆ.

ಕಳೆದ ವಾರ ಕ್ಷಮೆ ಕೇಳಲು ಆಕೆಯ ಮನೆಗೆ ಹೋಗಿದ್ದೆ. ಊಟದ ಮೇಜಿನ ಮೇಲೆ ಅನುಮೋದಿತ ವಾಕ್ಯಗಳ ಪುಸ್ತಕ ತೆರೆದಿತ್ತು. ಹನ್ನೊಂದು ವರ್ಷದ ಅನುಭವವಿರುವವರು ನೀವಿಟ್ಟ ಮರುಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದರು. ಅವರ ಅಮ್ಮ ನನ್ನ ಮುಖ ನೋಡದೆ ನೀರು ತಂದಿಟ್ಟು ಒಳಗೆ ಹೋದರು. “ನಿಮ್ಮ ಮೇಲೆ ಸಿಟ್ಟಿಲ್ಲ ಸರ್,” ಎಂದರು ಆಕೆ. “ಆದ್ರೆ ಇನ್ನೊಂದ್ಸಲ ಹಾಗಾದ್ರೆ ಕೂಗೋಕೆ ಬಾಯಿ ಬರುತ್ತೋ ಇಲ್ವೋ ಗೊತ್ತಿಲ್ಲ. ಮೊದ್ಲು ಪುಸ್ತಕ ನೆನಪಾಗುತ್ತೆ.” ನನಗೆ ಹೆದರಿಕೆಯಾಯಿತು. ಅಂದು ಮೋಡದೊಳಗೂ ಅಷ್ಟು ಹೆದರಿರಲಿಲ್ಲ.

ಆಕೆಯ ಅಮಾನತನ್ನು ಈ ವಾರವೇ ರದ್ದು ಮಾಡಿ. ವರದಿಯನ್ನು ತಿದ್ದಿ, ತಪ್ಪು ಮಾಡಿದವನ ಹೆಸರು ಬರೆಯಿರಿ. ಹೆಸರಿನ ಕಾಗುಣಿತ ತಪ್ಪದಿರಲೆಂದು ನನ್ನ ಪರವಾನಗಿಯನ್ನೇ ಲಗತ್ತಿಸಿದ್ದೇನೆ. ಆಕೆ ತನ್ನ ಕುರ್ಚಿಗೆ ಮರಳುವವರೆಗೆ ಅದು ನಿಮ್ಮಲ್ಲೇ ಇರಲಿ. ಕೂಗಲು ಹೆದರುವವರನ್ನು ಕೆಳಗೆ ಕೂರಿಸಿದರೆ, ಮೇಲೆ ಹಾರುವ ಧೈರ್ಯ ನನಗಿಲ್ಲ.

ಇಂತಿ,
ಆಕೆಯ ದಯೆಯಿಂದ ಬದುಕಿರುವ
ತಪ್ಪಿತಸ್ಥ ಕ್ಯಾಪ್ಟನ್