ಸೊಪ್ಪು ತಿಂದು ಕೆಡಿಸಿದ ಮಾದರಿ

ತಂಗೀ,

ಸಸಿಗಳಿಗೆ ನೀರು ಬಿಡಬೇಕು, ನರ್ಸರಿಗೆ ಬೇಗ ಹೊರಟೆ. ಬಚ್ಚಲ ಬಳಿಯಿರುವ ಮಾದರಿಯ ಬಿಳಿ ಡಬ್ಬಿಯನ್ನು ಇವತ್ತು ಮುಟ್ಟಬೇಡ.

ನನ್ನದರ ಜೊತೆ ಹೋಲಿಸಲು ಆಸ್ಪತ್ರೆಯವರಿಗೆ ಮಲದ ಮಾದರಿ ಕೊಡಬೇಕೆಂದು ನೀನು ವಾರದಿಂದ ಬರೀ ಸೊಪ್ಪು ತಿನ್ನುತ್ತಿದ್ದೀಯಂತೆ. “ಅಕ್ಕಂಗೆ ಒಳ್ಳೇ ರಿಸಲ್ಟ್ ಬರ್ಲಿ ಅಂತ ಕಣಮ್ಮಾ” ಎಂದು ಅಮ್ಮನಿಗೆ ಅಂದೆಯಂತೆ. ಅಯ್ಯೋ ಪೆದ್ದೀ, ಇದೇನು ಮಾರ್ಕ್ಸ್ ಕೊಡುವ ಪರೀಕ್ಷೆಯೇ? ನಿನ್ನ ಹೊಟ್ಟೆ ಎಂದಿನಂತಿದ್ದರೆ ತಾನೇ ನನ್ನದರ ಪಕ್ಕದಲ್ಲಿಟ್ಟು ನೋಡಲು ಬರುವುದು?

ಒಂಬತ್ತಕ್ಕೆ ನರ್ಸ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳು. ದಿನ ಮುಂದೆ ಹಾಕುತ್ತಾರೆ. ಅಲ್ಲಿಯವರೆಗೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿರುವ ಬಿಸ್ಕತ್ತನ್ನೂ ಎಂದಿನಂತೆ ತಿನ್ನು. ನನಗೆ ಗೊತ್ತಿಲ್ಲವೆಂದುಕೊಂಡೆಯಾ?

ಒಂದೇ ಬೀಜ, ಒಂದೇ ನೀರು. ಆದರೂ ಒಂದು ಮಡಿ ಹಳದಿಯಾದರೆ ನಾವು ಬೇರಿನ ಮಣ್ಣು ಕೆದಕಿ ನೋಡುತ್ತೇವೆ. ನಾವಿಬ್ಬರೂ ಒಂದೇ ಒಲೆಯ ಅನ್ನ ಉಂಡವರು. ನಿನಗೆ ತಿಂಗಳು ತಪ್ಪುವುದಿಲ್ಲ, ನನಗೆ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ, ಐದು ತಿಂಗಳಿಂದ ಮುಟ್ಟಾಗಿಲ್ಲ. ಹೊಟ್ಟೆಯ ಸೂಕ್ಷ್ಮಜೀವಿಗಳಿಗೂ ಇದಕ್ಕೂ ನಂಟಿರಬಹುದು, ಆದರೆ ಯಾವುದರಿಂದ ಯಾವುದು ಎಂಬುದು ಇನ್ನೂ ತಿಳಿದಿಲ್ಲ ಎಂದರು ಡಾಕ್ಟರಮ್ಮ. ನಮ್ಮ ಸೋದರತ್ತೆಗೆ ಮಾತ್ರ ಆಗಲೇ ತಿಳಿದುಬಿಟ್ಟಿದೆ: “ಎಲ್ಲಾ ಅವಳ ಸೋಮಾರಿತನ!”

ನಿಜವಾಗಿ ಏನೆಂದು ನನಗೆ ತಿಳಿಯಬೇಕಾಗಿದೆ ಕಣೇ. ಗೊತ್ತಾಗದಿದ್ದರೂ ಸರಿ, ನೀನು ನನಗಾಗಿ ಬರೀ ಸೊಪ್ಪು ತಿಂದು ತಂದ ಸುಳ್ಳು ಬೇಡ.

ಅಕ್ಕ