ಜೇನುಬಣ್ಣದ ಕನ್ನಡಕ

ಸೋಮವಾರ, ಹದಿನಾಲ್ಕನೇ ತಾರೀಕು
ಮಧ್ಯಾಹ್ನ, ಊಟದ ಬಿಡುವಿನಲ್ಲಿ

ಅಕ್ಕನಿಗೆ,

‘ಪ್ರೀತಿಯ’ ಎಂದು ಶುರು ಮಾಡಿದ್ದೆ, ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ನಾವಿಲ್ಲಿ ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ, ನಿನಗೆ ಯಾವತ್ತು ಏನಾಗಿದೆ? ಫೋನಿನಲ್ಲಿ ಹೇಳೋಣವೆಂದರೆ ನನ್ನ ಒಂದು ಮಾತು ಮುಗಿಯುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಕೊನೆಯತನಕ ಓದು. ಭಾವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದುವ ಚಾಳಿಯನ್ನು ಇವತ್ತೊಂದು ದಿನ ಬಿಡು.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅದರಲ್ಲಿರುವುದು ನಾಲ್ಕೇ ಸಾಲು. ನಿನ್ನ ಕನ್ನಡಕದಂಗಡಿಯಿಂದ ನನಗೆ ಬಣ್ಣದ ಗಾಜಿನ ಕನ್ನಡಕ ಕೊಟ್ಟೆ, ಅದರಿಂದ ಕಣ್ಣಿನ ಉರಿ ಕಡಿಮೆಯಾಗುತ್ತದೆ ಎಂದೆ, ನೋಡುವ ಬಣ್ಣದಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ ಎಂದು ಭರವಸೆ ಕೊಟ್ಟೆ, ಆ ಭರವಸೆ ತಪ್ಪು. ಇಷ್ಟೇ. ಕೆಳಗೆ ನಿನ್ನ ಸಹಿ, ಅಂಗಡಿಯ ಮೊಹರು. ಶುಕ್ರವಾರ ಅದು ನಮ್ಮ ಮ್ಯಾನೇಜರ ಕೈ ಸೇರಬೇಕು. ಸೇರದಿದ್ದರೆ ನನ್ನನ್ನು ಮಿಲ್ಲಿನ ಡಾಕ್ಟರ ಹತ್ತಿರ ಕಣ್ಣಿನ ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿ ಏನಾದರೂ ಊನ ಎಂದರೆ ಬಣ್ಣದ ಮೇಜು ಬಿಟ್ಟು ಪ್ಯಾಕಿಂಗ್ ಕಡೆ ಹೋಗಿ ಪೆಟ್ಟಿಗೆಗೆ ಅಂಟುಪಟ್ಟಿ ಹಚ್ಚಬೇಕು. ಹತ್ತೊಂಬತ್ತು ವರ್ಷ ಕೂತ ಕುರ್ಚಿ ಅದು, ಅಕ್ಕ. ಅದನ್ನು ನಾನು ಬಿಡುವುದಿಲ್ಲ.

ಗಿರಾಕಿಗಳ ಮುಂದೆ ನೀನು ‘ನನ್ನ ತಂಗಿ ಬಟ್ಟೆ ಮಿಲ್ಲಿನಲ್ಲಿದ್ದಾಳೆ’ ಎನ್ನುವುದನ್ನು ಕೇಳಿದ್ದೇನೆ. ನಾನಲ್ಲಿ ಕೂತು ಹತ್ತಿ ಹಿಂಜುತ್ತೇನೋ ಎನ್ನುವ ಹಾಗೆ ಹೇಳುತ್ತೀಯ. ನನ್ನ ಕೆಲಸ ಏನೆಂದು ಇವತ್ತು ಬರೆದೇ ತಿಳಿಸುತ್ತೇನೆ. ಒಟ್ಟಿಗೆ ಬಣ್ಣ ಹಾಕಿದ ಬಟ್ಟೆಯ ಪ್ರತಿ ಲಾಟಿನಿಂದ ಒಂದು ತುಂಡು ನನ್ನ ಮೇಜಿಗೆ ಬರುತ್ತದೆ. ಮಾದರಿಯ ಪಕ್ಕ ಅದನ್ನಿಟ್ಟು, ದೀಪ ಬದಲಾಯಿಸಿ ಬದಲಾಯಿಸಿ ನೋಡಿ, ಎರಡೂ ಒಂದೇ ಎಂದು ನಾನು ಸೀಲು ಒತ್ತಿದ ಮೇಲೆಯೇ ಆ ಬಟ್ಟೆ ಹೊರಗೆ ಹೋಗುವುದು. ಕೋಣೆಯ ಗೋಡೆ ಬೂದು, ಮೇಜು ಬೂದು, ನನ್ನ ಮೇಲಂಗಿಯೂ ಬೂದು. ಉಗುರಿಗೆ ಬಣ್ಣ ಹಚ್ಚುವ ಹಾಗಿಲ್ಲ. ನೀರು ಕುಡಿಯುವ ಲೋಟ ಕೂಡ ಬಿಳಿಯದು. ಬಟ್ಟೆ ನೋಡುವ ಮೊದಲು ಎರಡು ನಿಮಿಷ ಬರೀ ಗೋಡೆ ನೋಡುತ್ತಾ ಕೂರಬೇಕು, ಅದಕ್ಕೆ ನಾವು ಕಣ್ಣು ತೊಳೆಯುವುದು ಎನ್ನುತ್ತೇವೆ. ಅಷ್ಟು ನೇಮವಾಗಿ ಮಾಡಿದ್ದಕ್ಕೇ ಮಿಲ್ಲಿನಲ್ಲಿ ಎಲ್ಲರೂ ನನ್ನನ್ನು ಕಣ್ಣಮ್ಮ ಎಂದು ಕರೆಯುವುದು. ನೀವೆಲ್ಲ ಮನೆಯಲ್ಲಿ ಇಟ್ಟ ಹೆಸರಿಗಿಂತ ನನಗೆ ಅದೇ ಇಷ್ಟ.

ಎರಡು ವರ್ಷದ ಹಿಂದೆ ಬಣ್ಣ ಅಳೆಯುವ ಯಂತ್ರ ಬಂತು. ಅಲ್ಲಿಂದ ಬೆಳಿಗ್ಗೆಯೆಲ್ಲ ಪಕ್ಕದ ಕೋಣೆಯಲ್ಲಿ ಪರದೆಯ ಮೇಲೆ ಅಂಕಿ ನೋಡುವುದು, ಮಧ್ಯಾಹ್ನವೆಲ್ಲ ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ನೋಡುವುದು. ಸಂಜೆ ಮನೆಗೆ ಬರುವಾಗ ಕಣ್ಣಿನಲ್ಲಿ ಮರಳು ಸುರಿದ ಹಾಗೆ ಇರುತ್ತಿತ್ತು. ಅದನ್ನು ನಿನ್ನ ಹತ್ತಿರ ಹೇಳಿಕೊಂಡದ್ದೇ ನನ್ನ ದೊಡ್ಡ ತಪ್ಪು. ನಿನ್ನ ಹತ್ತಿರ ಏನೇ ಹೇಳಿಕೊಂಡರೂ ನೀನು ಅದಕ್ಕೊಂದು ಫ್ರೇಮು ಹಾಕಿ ಕೊಡುತ್ತೀಯ.

ನಾಲ್ಕು ತಿಂಗಳ ಹಿಂದೆ ನಿನ್ನ ಅಂಗಡಿಗೆ ಬಂದೆ. ನೀನು ಮೊದಲು ಅಕ್ಷರದ ಬೋರ್ಡಿನ ಮುಂದೆ ಕೂರಿಸಲು ನೋಡಿದೆ, ಪುಟ್ಟ ಟಾರ್ಚು ಹಿಡಿದು ಹತ್ತಿರ ಬಂದೆ. ನಾನು ಕೂರಲಿಲ್ಲ. ನನ್ನ ಕಣ್ಣಿಗೆ ಏನೂ ಆಗಿಲ್ಲ, ದಣಿದಿದೆ ಅಷ್ಟೇ ಎಂದೆ. ಆಗ ನಿನ್ನ ಮುಖದಲ್ಲಿ ಒಂದು ನಗು ಬಂತು. ಎಲ್ಲಾ ಗೊತ್ತಿರುವವರ ನಗು ಅದು, ಚಿಕ್ಕಂದಿನಿಂದ ನೋಡಿದ್ದೇನೆ. ಆಮೇಲೆ ಒಳಗಿನ ಡ್ರಾಯರಿನಿಂದ ಈ ಜೇನುಬಣ್ಣದ ಗಾಜು ತೆಗೆದೆ. ಪರದೆಯ ಮುಂದೆ ಕೂರುವವರು ಈಗ ಇದನ್ನೇ ಕೇಳಿಕೊಂಡು ಬರುತ್ತಾರೆ, ಕೆಲವರಿಗೆ ಹಾಯೆನಿಸುತ್ತದಂತೆ, ನೀನೂ ಹಾಕಿ ನೋಡು ಎಂದೆ. ಹಾಕಿಕೊಂಡರೆ ಹಾಕಿಕೊಂಡದ್ದೇ ಮರೆಯುವಷ್ಟು ತೆಳು ಬಣ್ಣ. ಉರಿ ಕಡಿಮೆಯಾಯಿತೋ, ಕಡಿಮೆಯಾಯಿತು ಎಂದುಕೊಂಡೆನೋ, ಅಂತೂ ನಾಲ್ಕು ತಿಂಗಳು ಪರದೆಯ ಮುಂದೆ ಹಾಕಿಕೊಂಡೆ.

ಬಣ್ಣ ನೋಡುವಾಗ ತೆಗೆದಿಡು ಎಂದು ಅವತ್ತೇ ಹೇಳಿದ್ದೆ ಎನ್ನುತ್ತೀಯ. ಹೇಳಿರಬಹುದು. ಅಂಗಡಿಯಲ್ಲಿ ಮೂರು ಜನ ಒಟ್ಟಿಗೆ ಮಾತಾಡುತ್ತಿದ್ದರು, ನೀನು ಒಬ್ಬರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸುತ್ತಾ ನನ್ನ ಕಡೆ ನೋಡದೆ ಏನೋ ಅಂದೆ. ಡಬ್ಬಿಯೊಳಗೆ ಚೀಟಿಯೂ ಇಟ್ಟಿದ್ದೆ ಎನ್ನುತ್ತೀಯ. ಹೌದು, ಇತ್ತು. ನಿನ್ನ ಕೋಳಿಕಾಲಿನ ಅಕ್ಷರದಲ್ಲಿ ‘ಬಣ್ಣದ ಕೆಲಸಕ್ಕೆ ಬೇಡ’ ಎಂದಿತ್ತು. ಓದಿದ್ದೇನೆ. ಆದರೆ ಆ ಚೀಟಿ ಇತ್ತು ಎಂದು ಗೊತ್ತಿರುವುದು ನಿನಗೆ ಮತ್ತು ನನಗೆ ಮಾತ್ರ. ಅದನ್ನು ಒಲೆಗೆ ಹಾಕಿದ್ದೇನೆ. ಈಗ ನೀನು ಬಾಯಿ ಮುಚ್ಚಿಕೊಂಡರೆ ಸಾಕು.

ಇನ್ನು ಆದದ್ದು. ಒಂದು ಶಾಲೆಯ ಸಮವಸ್ತ್ರಕ್ಕೆ ಆಕಾಶನೀಲಿ ಬಟ್ಟೆ, ಎರಡು ಲಾಟು. ಎರಡೂ ಒಂದೇ ಎಂದು ನಾನು ಸೀಲು ಒತ್ತಿದೆ. ಯಂತ್ರದ ಅಂಕಿ ಅಂಚಿನಲ್ಲಿತ್ತು, ಅಂಥಾ ಹೊತ್ತಿನಲ್ಲಿ ಕಣ್ಣಿನದೇ ಕೊನೆಯ ಮಾತು. ಹೊಲಿಯುವವರು ಒಂದರಿಂದ ಅಂಗಿಯ ಮೈ ಕತ್ತರಿಸಿದರು, ಇನ್ನೊಂದರಿಂದ ತೋಳು. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದಾಗ ಇಡೀ ಶಾಲೆ ಪಕ್ಕದ ಮನೆಯವರ ತೋಳು ಕೇಳಿ ತಂದು ಹಾಕಿಕೊಂಡ ಹಾಗೆ ಕಂಡಿತಂತೆ. ನೀನು ಫೋನಿನಲ್ಲಿ ಇದನ್ನು ಕೇಳಿ ನಕ್ಕೆ. ನನಗೆ ಕೇಳಿಸಿತು.

ಮ್ಯಾನೇಜರು ಎರಡು ಅಂಗಿ ತಂದು ಮೇಜಿನ ಮೇಲೆ ಹರಡಿ ನಮ್ಮನ್ನೆಲ್ಲ ಕರೆದರು. ಯಾರೂ ನನ್ನ ಮುಖ ನೋಡಲಿಲ್ಲ. ಬಣ್ಣದ ಮೇಸ್ತ್ರಿ ಮಾತ್ರ ಮುಂದೆ ಬಂದರು. ಬಟ್ಟೆಗೆ ಬಣ್ಣ ಕುದಿಸಿ ಹಾಕಿಸುವವರು ಅವರೇ, ನಿವೃತ್ತಿಗೆ ಇನ್ನೊಂದು ವರ್ಷ ಇದೆ. ಅವರು, “ಕಣ್ಣಮ್ಮನ ಕಣ್ಣು ತಪ್ಪಲ್ಲ ಸರ್. ನನ್ನ ಕಡೆಯಿಂದಾನೇ ಏನೋ ಹೆಚ್ಚುಕಮ್ಮಿ ಆಗಿರಬೇಕು, ನನ್ನ ಹೆಸರಿಗೇ ಬರ್ಕೊಳ್ಳಿ” ಅಂದರು. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಆ ಮನುಷ್ಯ ನನಗಾಗಿ ತಲೆ ತಗ್ಗಿಸಿ ನಿಲ್ಲುವುದನ್ನು ನೋಡಲಾರದೆ ನಾನು ನಿನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಇದರಿಂದ ಆದದ್ದು, ಮೇಸ್ತ್ರಿಯದೂ ತಪ್ಪಲ್ಲ, ನನ್ನ ಕಣ್ಣಿನದೂ ತಪ್ಪಲ್ಲ ಎಂದೆ.

ಮ್ಯಾನೇಜರು ಅದನ್ನು ತಾವೇ ಏರಿಸಿಕೊಂಡು ಅಂಗಿ ನೋಡಿದರು. ತೆಗೆದು ನೋಡಿದರು, ಮತ್ತೆ ಹಾಕಿ ನೋಡಿದರು. ಹಾಕಿದರೆ ಮೈಯೂ ತೋಳೂ ಒಂದೇ ನೀಲಿ, ತೆಗೆದರೆ ಬೇರೆ ಬೇರೆ. ಎಲ್ಲರ ಮುಖದಲ್ಲೂ ಜೀವ ಬಂತು. ಬೂದು ಕೋಣೆಗೆ ಬಣ್ಣದ ಗಾಜು ತರುವುದೇ ಎಂದು ನನಗೆ ನಾಲ್ಕು ಮಾತು ಬೈದರು, ಬೈಸಿಕೊಂಡೆ. ಬೈಗುಳ ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಮೇಲಿನವರಿಗೆ ತೋರಿಸಲು ಅಂಗಡಿಯವರಿಂದ ಒಂದು ಕಾಗದ ತನ್ನಿ, ಇಷ್ಟಕ್ಕೇ ಮುಗಿಸೋಣ ಅಂದರು.

ಮುಗಿಯುತ್ತಿತ್ತು. ನಿನ್ನಿಂದ ಮುಗಿಯಲಿಲ್ಲ.

ಶನಿವಾರ ಫೋನು ಮಾಡಿ ಕೇಳಿದರೆ ನೀನು ಸತ್ಯಹರಿಶ್ಚಂದ್ರನ ಮೊಮ್ಮಗಳ ಹಾಗೆ ಮಾತಾಡಿದೆ. ಹೇಳದ ಮಾತು ಹೇಳಿದೆ ಎಂದು ಬರೆದುಕೊಟ್ಟರೆ ನಾಳೆ ಯಾರು ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ ಅಂದೆ. ಹೋಗಲಿ, ಅಂಗಡಿ ನಿನ್ನದು. ಆದರೆ ಅಷ್ಟಕ್ಕೇ ಸುಮ್ಮನಾದೆಯಾ? ನನ್ನ ಮೊದಲ ವರ್ಷ ನೀನೇ ಹೆಣೆದುಕೊಟ್ಟ ಕೆಂಪು ಸ್ವೆಟರ್ ಹಾಕಿಕೊಂಡು ಹೋಗಿ, ಅದರ ಬಣ್ಣ ಬಟ್ಟೆಯ ಮೇಲೆ ಬೀಳುತ್ತದೆಂದು ಬೈಸಿಕೊಂಡು ಬಂದಿದ್ದೆ. ಆಮೇಲೆ ಅದನ್ನು ಬೀರುವಿನಿಂದ ಹೊರಗೆ ತೆಗೆಯಲಿಲ್ಲ. ಅದನ್ನು ಜ್ಞಾಪಕ ಇಟ್ಟುಕೊಂಡು ನೀನು ನನ್ನ ಮುಖಕ್ಕೇ ತಂದೆ.

“ಒಂದು ಸ್ವೆಟರ್ ಹಾಕ್ಕೊಂಡು ಆ ಕೋಣೆಗೆ ಹೋಗದವಳು ನೀನು. ಬಣ್ಣದ ಗಾಜು ಹಾಕ್ಕೊಂಡು ಹೋಗ್ತೀಯಾ? ನಿಜ ಹೇಳು, ಅವತ್ತು ಕನ್ನಡಕ ನಿನ್ನ ಮುಖದ ಮೇಲಿತ್ತಾ?”

ನಾನು ಫೋನು ಇಟ್ಟುಬಿಟ್ಟೆ. ಮತ್ತೆ ಐದು ಸಲ ಮಾಡಿದೆ ನೀನು, ಎತ್ತಲಿಲ್ಲ. ಒಡಹುಟ್ಟಿದವಳು ಕೇಳುವ ಮಾತಾ ಅದು? ಪೊಲೀಸಿನವರು ಕೇಳುವ ಮಾತು. ಅದಕ್ಕೆ ಉತ್ತರ ಕೊಡುವ ದರ್ದು ನನಗಿಲ್ಲ.

ನಿನಗೆ ಯಾಕೆ ಈ ಸಂತೋಷ ಎಂದು ನನಗೆ ಗೊತ್ತು. ಮೂರನೇ ಕ್ಲಾಸಿನಿಂದ ನಿನ್ನನ್ನು ಎಲ್ಲರೂ ಸೋಡಾಬುಡ್ಡಿ ಎಂದರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಬಸ್ಸಿನ ನಂಬರು ಓದಲು ನಿನಗೆ ನಾನು ಬೇಕಿತ್ತು. ನಿಲ್ದಾಣದಲ್ಲಿ ನನ್ನ ಕೈ ಹಿಡಿದು ನಿಂತು, ಬಂತಾ, ಬಂತಾ ಎಂದು ಕೇಳುತ್ತಿದ್ದೆ. ಒಂದು ದಿನ ನೀನು ನನ್ನ ಮೇಲೆ ಅಮ್ಮನಿಗೆ ಚಾಡಿ ಹೇಳಿದ್ದಕ್ಕೆ ನಾನು ಬೇಕೆಂದೇ ಸುಳ್ಳು ನಂಬರು ಹೇಳಿದೆ. ನೀನು ಹತ್ತಿದೆ, ನಾನು ಹತ್ತಲಿಲ್ಲ. ಎಲ್ಲೋ ಇಳಿದು, ಯಾರನ್ನೋ ಕೇಳಿಕೊಂಡು, ನೀನು ಅಳುತ್ತಾ ಮನೆಗೆ ಬಂದೆ. ನಾನು ತಪ್ಪಾಗಿ ಓದಿದೆ ಎಂದು ಅಮ್ಮನ ಮುಂದೆ ಹೇಳಿದೆ, ನೀನು ನಂಬಿದೆ. ಅಥವಾ ನಂಬಿದ ಹಾಗೆ ಮಾಡಿದೆ, ನಿನ್ನ ವಿಷಯ ಯಾರಿಗೆ ಗೊತ್ತು. ಈಗ ನಿನ್ನ ಕೈಗೆ ಟಾರ್ಚು ಬಂದಿದೆ, ಎದುರಿಗೆ ನನ್ನ ಕಣ್ಣಿದೆ. ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದೀಯ.

ಅದಕ್ಕೇ ಹೇಳುತ್ತೇನೆ, ನನ್ನ ಕಣ್ಣಿನ ಚಿಂತೆ ನೀನು ಮಾಡಬೇಡ. ಸಹಿ ಹಾಕು, ಮೊಹರು ಒತ್ತು, ಕಳಿಸು. ಹಾಕದಿದ್ದರೆ ನಿನ್ನ ಮನೆಯ ಹೊಸಿಲನ್ನು ನಾನು ತುಳಿಯುವುದಿಲ್ಲ, ನನ್ನದನ್ನು ನೀನು ತುಳಿಯಬೇಡ. ಅಮ್ಮನನ್ನು ನಡುವೆ ತರಬೇಡ. ಅವಳು ಯಾವತ್ತಿದ್ದರೂ ನಿನ್ನ ಪಕ್ಷವೇ.

ಬೂದು ಗೋಡೆ ನೋಡುವ ಹೊತ್ತಾಯಿತು. ನಿಲ್ಲಿಸುತ್ತೇನೆ.

ಶುಕ್ರವಾರದವರೆಗೆ ಮಾತ್ರ
ನಿನ್ನ ತಂಗಿ,
ಕಣ್ಣಮ್ಮ

ವಿ.ಸೂ.: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಸಂಜೆ ಬಸ್ಸಿಗೆ ಕಾಯುತ್ತಾ ಮತ್ತೆ ಬಿಚ್ಚಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಬೆಂಚಿನ ತಪ್ಪು.

ಮುಖದ ಮೇಲಿರಲಿಲ್ಲ. ಚೀಲದಲ್ಲಿ, ಡಬ್ಬಿಯೊಳಗೆ, ನಿನ್ನ ಚೀಟಿಯ ಜೊತೆ ಇತ್ತು. ಮೇಜಿನ ಮೇಲಿಟ್ಟದ್ದು ಚೀಲದಿಂದ ತೆಗೆದು. ಆ ಕೋಣೆಗೆ ನಾನು ಅದನ್ನು ಒಂದು ದಿನವೂ ಹಾಕಿಕೊಂಡು ಹೋಗಿಲ್ಲ. ನಿನಗೆ ಅದು ಗೊತ್ತೇ ಇತ್ತು.

ನಿನ್ನೆ ಬೆಳಿಗ್ಗೆ, ಮಿಲ್ಲಿನಿಂದ ಮನೆಗೆ ತಂದಿದ್ದ ಆ ಎರಡು ಬಟ್ಟೆಯ ತುಂಡು ತೆಗೆದುಕೊಂಡು ಕಿಟಕಿಯ ಹತ್ತಿರ ನಿಂತೆ. ಕನ್ನಡಕ ಹಾಕಿಕೊಂಡು ನೋಡಿದೆ, ಒಂದೇ. ತೆಗೆದು ನೋಡಿದೆ, ಆಗಲೂ ಒಂದೇ. ಕಣ್ಣು ತೊಳೆದು ನೋಡಿದೆ, ನೀರಿನಿಂದಲೇ ತೊಳೆದು. ಮಗಳು ಹಲ್ಲುಜ್ಜುತ್ತಾ ಬಂದು ನೋಡಿ, ಯಾಕಮ್ಮಾ ಎರಡು ಬೇರೆ ಬೇರೆ ನೀಲಿ ಹಿಡ್ಕೊಂಡು ನಿಂತಿದ್ದೀಯ ಎಂದಳು. ಅವಳಿಗೆ ಎಂಟು ವರ್ಷ. ನನಗೆ ಭಯವಾಗಿದೆ, ಅಕ್ಕ.

ಆ ಇನ್ನೊಂದು ಹಾಳೆಯನ್ನು ಹರಿದುಹಾಕು. ಮೇಸ್ತ್ರಿಯವರಿಗೆ ನಾನೇ ಹೇಳಬೇಕು, ಹೇಗೆ ಎಂದು ಇನ್ನೂ ಗೊತ್ತಾಗಿಲ್ಲ. ಗುರುವಾರ ಬೆಳಿಗ್ಗೆ ನೀನು ಅಂಗಡಿ ತೆರೆಯುವ ಮೊದಲು ಬರುತ್ತೇನೆ. ಶಟರ್ ಅರ್ಧ ಮಾತ್ರ ಎತ್ತಿಡು, ಯಾರೂ ನೋಡಬಾರದು. ಅಯ್ಯೋ ಪಾಪ ಎಂದೆಯೋ, ಅಲ್ಲಿಂದಲೇ ಎದ್ದು ಬಂದುಬಿಡುತ್ತೇನೆ. ಬೋರ್ಡಿನ ಮುಂದೆ ಕೂರಿಸು, ಕಣ್ಣಿಗೆ ಟಾರ್ಚು ಬಿಟ್ಟು ನೋಡು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಈ ಸಲ ಸುಳ್ಳು ನಂಬರು ಹೇಳುವುದಿಲ್ಲ.